ಉಡಿ ತುಂಬಿಸಿಕೊಂಡ ಎಂಜಿನ್ನು

ನಿಜ ಹೇಳಿ, ನಿಮ್ಮ ನೆಗೆಣ್ಣಿಯ ಕಾರು ದಾರಿಯಲ್ಲಿ ಕೆಟ್ಟು ನಿಂತಿದ್ದು ಕಂಡರೆ ನಿಮಗೆ ಮೊದಲು ತಂಪಾಗುವುದು ಕಣ್ಣೋ, ಹೊಟ್ಟೆಯೋ? ನೆಗೆಣ್ಣಿ ಅಂದರೆ ಗೊತ್ತಲ್ಲ, ಗಂಡನ ತಮ್ಮನ ಹೆಂಡತಿ. ಕೆಲವು ಕಡೆ ವಾರಗಿತ್ತಿ ಅನ್ನುತ್ತಾರೆ. ಹೆಸರು ಏನೇ ಇರಲಿ, ಉರಿ ಒಂದೇ. ‘ಛೆ, ನಮಗೆ ಹಾಗೆಲ್ಲ ಆಗುವುದಿಲ್ಲಪ್ಪ’ ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ, ಹೋಗಿ ದೇವರ ಮುಂದೆ ದೀಪ ಹಚ್ಚಿಕೊಂಡು ಕೂಡಬಹುದು. ಉಳಿದವರು ಸ್ವಲ್ಪ ಹತ್ತಿರ ಬನ್ನಿ. ಫೋನಿನಲ್ಲಿ ಬರೆಯುವುದನ್ನು ಈಗಷ್ಟೇ ಕಲಿತಿದ್ದೇನೆ. ನಾನು ಒಂದು ಅಕ್ಷರ ಒತ್ತಿದರೆ ಸಾಕು, ಮುಂದಿನ ಮಾತನ್ನು ಅದೇ ಊಹಿಸಿ ಮುಂದಿಡುತ್ತದೆ, ಥೇಟ್ ನಮ್ಮತ್ತೆಯ ಹಾಗೆ. ನಮ್ಮತ್ತೆಯ ಊಹೆಯೂ ಹೀಗೇ ತಪ್ಪುತ್ತಿತ್ತು.

ಇದೆಲ್ಲ ನೆನಪಾಗಿದ್ದು ಮೊನ್ನೆ. ನನ್ನ ಮೊಮ್ಮಗಳು ಹರಪನಹಳ್ಳಿಯಲ್ಲಿ ಬೀಜದ ಅಂಗಡಿ ಇಟ್ಟುಕೊಂಡಿದ್ದಾಳೆ. ಹೊಸ ಟರ್ಬೊ ಕಾರಿನಲ್ಲಿ ಕೊಟ್ಟೂರಿಗೆ ಬಂದವಳು ನಮ್ಮ ಮನೆಯ ಕಟ್ಟೆಯ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿ, ಒಳಗೆ ಮಿರಮಿರ ಮಿಂಚುವ ಒಂದು ಡಬ್ಬಿಯನ್ನು ತೋರಿಸಿದಳು. ಕಟ್ಟೆಯ ಮೇಲೆ ನಾನು, ನನ್ನ ಪಕ್ಕದಲ್ಲಿ ನೆಗೆಣ್ಣಿ ಕೊಟ್ರಮ್ಮ. ಇಬ್ಬರಿಗೂ ಈಗ ಹಲ್ಲು ಕಡಿಮೆ, ಕುತೂಹಲ ಜಾಸ್ತಿ.

“ಏನ ಅದು, ಅಡಿಕಿ ಡಬ್ಬಿ ಇದ್ದಂಗ ಐತಿ?” ಅಂದೆ.

“ಅಲ್ಲಜ್ಜಿ, ಎಂಜಿನ್ ಬಿಡೋ ಉಸುರಿನಾಗ ಎಣ್ಣಿ ಇರತೈತಿ. ಅದನ್ನ ಹಿಡಿಯೋ ಡಬ್ಬಿ ಇದು. ಟರ್ಬೊ ಗಾಡಿಗೆ ಹೊಸದಾಗಿ ಬಂದೈತಿ.”

“ಹೊಸದಾಗಿ?” ಎಂದು ನಾನೂ ಕೊಟ್ರಮ್ಮನೂ ಒಟ್ಟಿಗೆ ಅಂದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ, ನಾನು ನಕ್ಕೆ, ಅವಳು ಕೆಮ್ಮಿದಳು.

ಮೊದಲು ಎಂಜಿನ್ನಿನ ಸಂಸಾರ ಹೇಳುತ್ತೇನೆ. ಟ್ಯಾಕ್ಸಿ ಓಡಿಸುವವನ ಹೆಂಡತಿಯಾಗಿ ನಾನು ಇಷ್ಟಾದರೂ ಕಲಿಯದಿದ್ದರೆ ಹೇಗೆ? ಎಂಜಿನ್ನಿನ ಒಳಗೆ ಪಿಸ್ಟನ್ನು ಅನ್ನುವುದು ಒರಳಿನಲ್ಲಿ ಒನಕೆ ಆಡಿದಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದರ ಸೊಂಟಕ್ಕೆ ಬಳೆಯಂಥ ರಿಂಗುಗಳು. ಮೇಲ್ಗಡೆ ಉರಿ ಹೊತ್ತಿಕೊಂಡಾಗ ಅದರ ಕಾವುಗಾಳಿಯಲ್ಲಿ ಒಂದು ಪಾಲು ಈ ಬಳೆಗಳ ಸಂದಿಯಲ್ಲಿ ನುಸುಳಿ, ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲಿ ಚೂರೇ ಚೂರು, ಬಳೆ ಸವೆದ ಮುದಿ ಎಂಜಿನ್ನಿನಲ್ಲಿ ಧಾರಾಳವಾಗಿ. ಟರ್ಬೊ ಎಂಜಿನ್ನಿನ ಕಥೆ ಇನ್ನೊಂದು ಥರ. ಅದು ತಾನು ಬಿಟ್ಟ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಆ ಚಕ್ರದಿಂದ ಇನ್ನಷ್ಟು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬಿಕೊಳ್ಳುತ್ತದೆ. ತುಂಬಿದಷ್ಟೂ ಶಕ್ತಿ, ಶಕ್ತಿ ಹೆಚ್ಚಿದಷ್ಟೂ ನುಸುಳು. ಹೀಗೆ ನುಸುಳಿದ ಗಾಳಿ ಎಣ್ಣೆಯ ಮಂಜನ್ನು ಹೊತ್ತುಕೊಂಡು ಎಲ್ಲಿಂದಲಾದರೂ ಹೊರಗೆ ಬರಲೇಬೇಕು. ಅದಕ್ಕಾಗಿ ಒಂದು ಉಸಿರಿನ ಕೊಳವೆ ಇಟ್ಟಿರುತ್ತಾರೆ. ಆ ಕೊಳವೆಯ ಬಾಯಿ ಮುಚ್ಚಿದಿರೋ, ಒಳಗೆ ಒತ್ತಡ ಬೆಳೆದು ಸಿಕ್ಕ ಸಿಕ್ಕ ಸಂದಿಯಲ್ಲಿ ಎಣ್ಣೆ ಉಕ್ಕುತ್ತದೆ.

ಉಸಿರಾಡದೆ ಇರುವುದು ಲೋಕದಲ್ಲಿ ಯಾವುದಿದೆ ಹೇಳಿ. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಹಗೇವು ಮೊದಲು ತನ್ನ ಕೆಟ್ಟ ಉಸಿರು ಬಿಡಲಿ ಎಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಸೊಸೆಯರಿಗೂ ಇಂಥ ಒಂದು ವ್ಯವಸ್ಥೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮಾತಾಡಿಸುವ ಮುಂಚೆ ಒಂದು ದೀಪ ಇಳಿಬಿಟ್ಟು ನೋಡಬಹುದಿತ್ತು. ನಾನು ಮದುವೆಯಾಗಿ ಬಂದ ಮನೆಯಲ್ಲಿ ಅಂಥ ದೀಪ ಇರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆಯಲ್ಲಿ ಎರಡು ಟ್ಯಾಕ್ಸಿ. ಒಂದು ನಮ್ಮವರದು, ಇನ್ನೊಂದು ಮೈದುನನದು, ಅಂದರೆ ಕೊಟ್ರಮ್ಮನ ಗಂಡನದು. ಕೊಟ್ಟೂರಿನಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕರೆದವರ ಕಡೆ ಓಡುವುದು. ನಮ್ಮದು ಹುಟ್ಟಿದಾಗ ಪೆಟ್ರೋಲ್ ಕಾರು. ಪೆಟ್ರೋಲು ತುಟ್ಟಿಯಾಯಿತೆಂದು ನಮ್ಮವರು ಅದರ ಎಂಜಿನ್ನು ಕಿತ್ತು, ಯಾವುದೋ ಮುದಿ ವ್ಯಾನಿನ ಡೀಸೆಲ್ ಎಂಜಿನ್ನು ಕೂಡಿಸಿದ್ದರು. ಬೇರೆಯವರ ಹೊಟ್ಟೆ ತಂದು ಜೋಡಿಸಿದ ಮೇಲೆ ತೇಗು ಬರದೆ ಇರುತ್ತದೆಯೇ? ಅದರ ಉಸಿರಿನ ಕೊಳವೆ ನೇರವಾಗಿ ಮುಂದಿನ ಸೀಟಿನ ಕೆಳಗೆ ಬಾಯಿ ಬಿಟ್ಟಿತ್ತು. ಬ್ರೇಕು ಕ್ಲಚ್ಚುಗಳ ತೂತಿನಿಂದ ನೀಲಿ ಹೊಗೆ ಮೇಲೆದ್ದು ಬರುತ್ತಿತ್ತು. ನಮ್ಮ ಗಾಡಿಯಲ್ಲಿ ಹೋದವರನ್ನು ಬೀಗರು ಮೂಗಿನಿಂದಲೇ ಗುರುತಿಸುತ್ತಿದ್ದರು.

ಕೊಟ್ರಮ್ಮನ ಗಾಡಿ ಹಾಗಲ್ಲ. ಅದರ ಎಂಜಿನ್ನು ಗಟ್ಟಿ. ಉಸಿರಿನ ಕೊಳವೆಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ, ಗಾಳಿ ಸೋಸುವ ಡಬ್ಬಿಗೆ ಜೋಡಿಸಿದ್ದರು. ಬಿಟ್ಟ ಉಸಿರನ್ನು ಅದೇ ಒಳಗೆ ಎಳೆದುಕೊಂಡು ಸುಟ್ಟುಬಿಡುತ್ತಿತ್ತು. ಹೊಗೆಯಿಲ್ಲ, ನಾತವಿಲ್ಲ. ಜನ ನಮ್ಮ ಗಾಡಿಯ ಮುಂದೆ ಹಾದು, “ಸಣ್ಣಾತನ ಗಾಡಿ ಎಷ್ಟೊತ್ತಿಗೆ ಬರತೈತ್ರಿ?” ಅಂತ ನಮ್ಮನ್ನೇ ಕೇಳುತ್ತಿದ್ದರು.

ಗಾಡಿ ಒಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಹಿಂದೆ ಮನೆಗೆ ಬಂದ ಆ ಕೊಟ್ರಮ್ಮನಿಗೆ ಎಲ್ಲವೂ ಒಲಿದುಬಿಟ್ಟಿದ್ದವು. ಅವಳು ತಟ್ಟಿದ ರೊಟ್ಟಿ ಚೆಂಡಿನಂತೆ ಉಬ್ಬುತ್ತಿತ್ತು, ನನ್ನದು ಭೂಪಟದಂತೆ ಹರಡುತ್ತಿತ್ತು. ಎಮ್ಮೆ ನನಗೆ ಒದೆಯುತ್ತಿತ್ತು, ಅವಳ ಕೈ ನೆಕ್ಕುತ್ತಿತ್ತು. ಬೆಕ್ಕು ಕೂಡ ಮರಿ ಹಾಕಲು ನನ್ನ ಕೋಣೆಯ ಮುಂದೆ ಹಾದು ಅವಳ ಕೋಣೆಯ ಮೂಲೆಗೇ ಹೋಯಿತು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭವಲ್ಲ, ನಾನು ಪಟ್ಟಿದ್ದೇನೆ. ಇದರಲ್ಲಿ ಗುಟ್ಟೇನೂ ಇಲ್ಲ. ಓಣಿಗೆಲ್ಲ ಗೊತ್ತಿತ್ತು. ನಾನು ಕೊಡ ಇಡುವ ಸದ್ದಿನಲ್ಲೇ ಅವರು ಅವತ್ತಿನ ನನ್ನ ಹೊಟ್ಟೆಯ ಉರಿ ಎಷ್ಟೆಂದು ಹೇಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಕಿರಿಯ ಮೈದುನನಿಗೆ ಹಡಗಲಿಯ ಹೆಣ್ಣು ನಿಶ್ಚಯವಾಯಿತು. ಮದುವೆ ನಮ್ಮೂರಲ್ಲಿ. ಹಿಂದಿನ ದಿನ ಹೋಗಿ ಮದುಮಗಳನ್ನು ಕರೆತರಬೇಕು. ಮದುಮಗಳನ್ನು ಕರೆತರುವ ಗಾಡಿ ಮನೆಯ ಹಿರಿಯ ಸೊಸೆಯದಾಗಿರಬೇಕು, ಇಳಿಸಿಕೊಳ್ಳುವ ಕೈಯೂ ಅವಳದೇ. ಎತ್ತಿನ ಗಾಡಿಯ ಕಾಲದಿಂದ ನಮ್ಮಲ್ಲಿ ನಡೆದು ಬಂದದ್ದು ಹಾಗೆ. ನಾನು ಈ ಮನೆಗೆ ಬಂದ ಮೇಲೆ ನನಗೆಂದೇ ಮೀಸಲಾಗಿದ್ದ ಮರ್ಯಾದೆ ಅದೊಂದೇ. ರೊಟ್ಟಿ, ಎಮ್ಮೆ, ಬೆಕ್ಕು ಎಲ್ಲ ಅವಳ ಕಡೆ ಹೋದರೂ ಹಿರಿತನವನ್ನು ಯಾರೂ ಕಸಿಯಲಾರರು ಅಂದುಕೊಂಡಿದ್ದೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಒಂದೇ ಮಾತಿನಲ್ಲಿ ಕಸಿದರು.

“ಮದುಮಗಳು ಸಣ್ಣಾಕಿ ಗಾಡ್ಯಾಗ ಬರ್ಲಿ. ದೊಡ್ಡಾಕಿ ಗಾಡ್ಯಾಗ ಬಂದ್ರ ಹುಡುಗಿ ಹೊಗಿಗೆ ಕೆಮ್ಮಿ ಕೆಮ್ಮಿ ಸಾಯ್ತಾಳ. ಬೀಗರು ಏನಂದಾರು?”

ಕೊಟ್ರಮ್ಮ ತಲೆ ತಗ್ಗಿಸಿ, “ಅಕ್ಕನ ಗಾಡೀನೇ ಇರ್ಲಿ ಬಿಡ್ರಿ ಅತ್ತಿ” ಅಂದಳು. ಈ ಒಳ್ಳೆಯತನವೇ ನನಗೆ ಆಗಿಬರುತ್ತಿರಲಿಲ್ಲ. ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಅವತ್ತೇ ಸಂಜೆ ನಮ್ಮವರನ್ನು ಎಳೆದುಕೊಂಡು ಮಾಬುಸಾಬನ ಗ್ಯಾರೇಜಿಗೆ ಹೋದೆ. ಮಾಬುಸಾಬ ನಮ್ಮ ಎರಡೂ ಗಾಡಿಗಳ ವೈದ್ಯ. ಬಾನೆಟ್ ತೆಗೆದು, ಚಾಲೂ ಇದ್ದ ಎಂಜಿನ್ನಿನ ಎಣ್ಣೆ ಮುಚ್ಚಳ ಬಿಚ್ಚಿ ಅಲ್ಲೇ ಬೋರಲು ಇಟ್ಟ. ಮುಚ್ಚಳ ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿಯತೊಡಗಿತು.

“ನೋಡ್ರಿ ಅಕ್ಕಾರ, ರಿಂಗ್ ಸವದು ಹೋಗ್ಯಾವ. ಒಳಗಿನ ಉರಿ ಎಲ್ಲಾ ಕೆಳಗ ಸೋರಾಕತ್ತೈತಿ.”

“ಅದೆಲ್ಲಾ ಇರ್ಲಿ. ಕೊಟ್ರಮ್ಮನ ಗಾಡಿಗೆ ಹಾಕಿಯಲ್ಲ, ಅದ ಪೈಪು ನಮಗೂ ಹಾಕು.”

“ಅವರ ಎಂಜಿನ್ ಬ್ಯಾರೆ, ನಿಮ್ಮದು ಬ್ಯಾರೆರಿ. ಈ ಉಸುರಿನಾಗ ಬರೀ ಗಾಳಿ ಇಲ್ಲ, ಎಣ್ಣಿ ಐತಿ. ಅದನ್ನ ಹಂಗ ಮೂಗಿಗೆ ಕೊಟ್ರ ಕುಡದು ಹುಚ್ಚು ಹಿಡೀತೈತಿ. ನಡುವ ಒಂದು ಡಬ್ಬಿ ಇಟ್ಟು ಎಣ್ಣಿ ಇಳಿಸ್ಬೇಕು. ಮದುವಿ ಮುಗೀಲಿ, ಮಾಡಿಕೊಡ್ತೀನಿ.”

“ಮದುವಿ ಮುಗದ ಮ್ಯಾಲೆ ನಿನ್ನ ಡಬ್ಬಿ ತಗೊಂಡು ನಾ ಏನು ಭಜನಿ ಮಾಡ್ಲಾ?” ಅಂದೆ.

ನಮ್ಮವರಿಗೆ ಮನೆಯಲ್ಲಿ ಊಟ ಮಾಡಬೇಕಿತ್ತು, ಆದ್ದರಿಂದ ನನ್ನ ಕಡೆಯೇ ಮಾತಾಡಿದರು. ಮಾಬುಸಾಬ ತಲೆ ಕೆರೆದುಕೊಂಡು ಪೈಪು ಜೋಡಿಸಿ, “ಎಣ್ಣಿ ಮಾತ್ರ ಕಡ್ಡಿ ಮ್ಯಾಲಿನ ಗೆರಿ ದಾಟಬಾರ್ದು ನೋಡ್ರಿ ಅಣ್ಣಾರ” ಎಂದು ನಮ್ಮವರ ಕೈಗೆ ಅಳತೆಯ ಕಡ್ಡಿ ಕೊಟ್ಟ.

ಹೊಗೆ ಮಾಯ! ಗಾಡಿಯನ್ನು ಅತ್ತೆಯ ಮುಂದೆ ತಂದು ನಿಲ್ಲಿಸಿ, ಒಳಗೆ ಕೂಡಿಸಿ, ಓಣಿಯ ತುದಿಯವರೆಗೆ ಸುತ್ತಿಸಿದೆವು. ಅತ್ತೆ ಮೂಗು ಅರಳಿಸಿ ಎಲ್ಲ ಕಡೆ ಮೂಸಿ, ಇಳಿದು, “ಹಂಗಾರ ದೊಡ್ಡಾಕಿ ಗಾಡೀನೇ ಹೋಗ್ಲಿ” ಅಂದರು. ಅವತ್ತು ನನ್ನ ರೊಟ್ಟಿಯೂ ಉಬ್ಬಿತು. ಬೇಕಾದರೆ ನಂಬಿ.

ಮರುದಿನ ಬೆಳಿಗ್ಗೆ ಎರಡೂ ಗಾಡಿಗಳು ಹೊರಡಬೇಕು. ಶುಭಕಾರ್ಯಕ್ಕೆ ಹೊರಟ ಹೆಣ್ಣಿಗೆ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಅಕ್ಕಿ, ಕೊಬ್ಬರಿ, ಅಡಿಕೆ, ಎಲೆಯನ್ನು ಸೆರಗಿಗೆ ಬೊಗಸೆ ತುಂಬಿ ಹಾಕುತ್ತಾರೆ. ಅತ್ತೆಗೆ ಅವತ್ತು ಗಾಡಿಯ ಮೇಲೂ ಪ್ರೀತಿ ಉಕ್ಕಿತು. ಗಾಡಿಯೂ ಹೆಣ್ಣೇ ಅಲ್ಲವೇ, ಹೆಣ್ಣನ್ನು ತರಲು ಹೊರಟಿದೆ, ಬರಿಗೈಯಲ್ಲಿ ಕಳಿಸುವುದು ಹೇಗೆ? ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ಅಕ್ಕಿ ಹಾಕಲು ಗಾಡಿಗೆ ಸೆರಗಿಲ್ಲ. “ಅದು ಏನು ತಿಂತೈತಿ ಅದನ್ನ ಹಾಕ್ರಿ” ಅಂದರು. ಎಂಜಿನ್ ಎಣ್ಣೆಯ ಡಬ್ಬಿ ಬಂತು. ಓಣಿಯ ಮುತ್ತೈದೆಯರೆಲ್ಲ ಸರದಿಯಲ್ಲಿ ಸಟ್ಟುಗದಿಂದ ಎಣ್ಣೆ ಹೊಯ್ದು, ಸೋಬಾನೆ ಹೇಳಿದರು.

ನಮ್ಮವರು ಕಡ್ಡಿ ಅದ್ದಿ ನೋಡಿ, “ಯವ್ವಾ ಸಾಕು, ಗೆರಿ ದಾಟೈತಿ. ಮಾಬುಸಾಬ ಬ್ಯಾಡ ಅಂದಾನ” ಅಂದರು.

“ಉಡಿ ತುಂಬೋವಾಗ ಯಾವನಾರ ಗೆರಿ ನೋಡ್ತಾನೇನೋ? ಹೊಯ್ರೇ ಇನ್ನೊಂದು!” ಅಂದರು ಅತ್ತೆ.

ಕೊಟ್ರಮ್ಮನ ಗಂಡ ಜಾಣ. ತನ್ನ ಗಾಡಿಯ ಸರದಿ ಬಂದಾಗ ಒಂದು ಸಟ್ಟುಗ ಹಾಕಿಸಿಕೊಂಡು ಮುಚ್ಚಳ ತಿರುಗಿಸಿಬಿಟ್ಟ. ಅವಳ ಗಾಡಿಗಿಂತ ನಮ್ಮ ಗಾಡಿಯ ಉಡಿ ಭಾರವಾಯಿತೆಂದು ನಾನು ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತೆ.

ಹಡಗಲಿಯಲ್ಲಿ ಉಪಚಾರ ಜೋರಾಗಿತ್ತು. ಗಾಡಿಗಳಿಗೆ ಮೂತಿ ಕಾಣದಷ್ಟು ಮಲ್ಲಿಗೆ ಸುತ್ತಿದರು. ಕರೆಯಲು ಬಂದ ನೆಗೆಣ್ಣಿಯರಿಬ್ಬರಿಗೂ ಒಂದೊಂದು ರೇಷ್ಮೆ ಸೀರೆ ಕೊಟ್ಟರು. ನನಗೆ ಗಿಳಿಹಸಿರು, ಕೊಟ್ರಮ್ಮನಿಗೆ ನವಿಲಿನ ಕೊರಳಿನ ಬಣ್ಣ. ನೀವು ನವಿಲಿನ ಕೊರಳು ನೋಡಿದ್ದೀರಾ? ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ಹಸಿರು. ಅಂದರೆ ನನ್ನ ಹಸಿರೂ ಅವಳ ಸೀರೆಯಲ್ಲೇ ಇತ್ತು, ಮೇಲೆ ನೀಲಿ ಬೇರೆ! ಬೀಗಿತಿ ನಗುನಗುತ್ತಾ, “ನೆಗೆಣ್ಣೇರು ಕೂಡೇ ಇರ್ಬೇಕು” ಎಂದು ಎರಡೂ ಸೀರೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಳು. ನಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಮದುಮಗಳು, ಅವಳ ಚಿಕ್ಕಮ್ಮ, ಟ್ರಂಕು. ಜಾಗವಿಲ್ಲದೆ ಗಂಟು ಕೊಟ್ರಮ್ಮನ ತೊಡೆಗೆ ಹೋಯಿತು. ದಾರಿಯುದ್ದಕ್ಕೂ ನನ್ನ ಕಣ್ಣು ಮುಂದಿದ್ದರೂ ಮನಸ್ಸು ಹಿಂದಿನ ಗಾಡಿಯ ಆ ಗಂಟಿನಲ್ಲಿತ್ತು.

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಒಂದು ರೈಲ್ವೆ ಗೇಟು. ಗೇಟು ಹಾಕಿತ್ತು. ಬಸ್ಸು, ಎತ್ತಿನ ಗಾಡಿ, ಸೈಕಲ್ಲುಗಳ ಸಾಲು. ನಮ್ಮವರು ಎಲ್ಲರಿಗಿಂತ ಮುಂದೆ, ಗೇಟಿನ ಮೂಗಿಗೇ ತಂದು ನಿಲ್ಲಿಸಿ, ಎಂಜಿನ್ ಆರಿಸುವ ಗುಂಡಿಯನ್ನು ಎಳೆದರು. ಆರಲಿಲ್ಲ. ಮತ್ತೆ ಎಳೆದರು. ಎಂಜಿನ್ನು ಗೊರಗೊರ ಅಂದಿತು, ಆಮೇಲೆ ಯಾರೂ ಮುಟ್ಟದೆ ತಾನೇ ದನಿ ಏರಿಸಿತು. ಏರಿಸಿ ಏರಿಸಿ ಕಿರುಚತೊಡಗಿತು.

“ಏನ, ಇದು ಬಂದ್ ಆಗವಲ್ದು! ಡೀಸೆಲ್ ಬಂದ್ ಮಾಡೀನಿ, ಆದ್ರೂ ಓಡಾಕತ್ತೈತಿ!”

ಮಾಬುಸಾಬ ಹೇಳಿದ ಹುಚ್ಚು ಅದೇ. ಡೀಸೆಲ್ ನಿಂತಿತ್ತು, ಆದರೆ ಗೆರೆ ಮೀರಿ ತುಂಬಿದ ಎಣ್ಣೆ ಉಸಿರಿನ ಜೊತೆ ಪೈಪಿನಲ್ಲಿ ಹರಿದು ಎಂಜಿನ್ನಿನ ಬಾಯಿಗೇ ಬೀಳುತ್ತಿತ್ತು. ತನ್ನ ಹೊಟ್ಟೆಯಲ್ಲಿದ್ದುದನ್ನು ತಾನೇ ತಿಂದು ಉರಿಯುವವರಿಗೆ ಯಾರ ಬೀಗದ ಕೈ ಏನು ಮಾಡೀತು? ವೇಗ ಹೆಚ್ಚಿದಷ್ಟೂ ಎಣ್ಣೆ ಹೆಚ್ಚು ಬರುತ್ತದೆ, ಎಣ್ಣೆ ಹೆಚ್ಚಿದಷ್ಟೂ ವೇಗ. ಗೇರ್ ಹಾಕಿ ಬ್ರೇಕು ಒತ್ತಿ ನಿಲ್ಲಿಸೋಣವೆಂದರೆ ಎದುರಿಗೆ ಗೇಟು, ಅದರಾಚೆ ಹಳಿ, ದೂರದಲ್ಲಿ ರೈಲಿನ ಕೂಗು. ಬಿಳಿ ಹೊಗೆ ಹಿಂದಿನಿಂದ ಎದ್ದು ಎತ್ತುಗಳನ್ನೂ ಬಸ್ಸನ್ನೂ ನುಂಗಿತು. ಮದುಮಗಳನ್ನೂ ಅವಳ ಚಿಕ್ಕಮ್ಮನನ್ನೂ ನಾನು ಕೈ ಹಿಡಿದು ಹೊರಗೆಳೆದು ದೂರ ನಿಲ್ಲಿಸಿದೆ. ಅರಿಶಿನ ಹಚ್ಚಬೇಕಾದ ಮುಖಕ್ಕೆ ಆಗಲೇ ಮಸಿ ಹತ್ತಿತ್ತು. ರೈಲು ಬಂತು, ಹೋಯಿತು. ಯಾರೂ ಅದನ್ನು ನೋಡಲಿಲ್ಲ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ಹಿಂದಿನ ಗಾಡಿಯಿಂದ ಮೈದುನ ಓಡಿ ಬಂದು ಬಾನೆಟ್ ಎತ್ತಿದ. “ಅಣ್ಣಾ, ಗಾಳಿ ಎಳಿಯೋ ಬಾಯಿ ಮುಚ್ಚಬೇಕು! ಅರಿವಿ ಕೊಡ್ರಿ, ಅರಿವಿ!” ಸೋಸುವ ಡಬ್ಬಿಯನ್ನು ಕಿತ್ತೆಸೆದು, ಹೆಗಲ ಮೇಲಿನ ಟವೆಲ್ಲನ್ನು ಆ ಬಾಯಿಗೆ ಇಟ್ಟ. ಎಂಜಿನ್ನು ಟವೆಲ್ಲಿನ ಮೂಲಕವೇ ಗಾಳಿ ಹೀರಿಕೊಂಡು ಇನ್ನೂ ಕೂಗಿತು. “ದಪ್ಪಂದು ಕೊಡ್ರೋ! ಎಂಜಿನ್ ಒಡೀತೈತಿ!”

ಹೊಗೆಯೊಳಗಿಂದ ಕೊಟ್ರಮ್ಮ ಬಂದಳು. ಬಗಲಲ್ಲಿ ಗಂಟು. ಅದರೊಳಗೆ ಕೈ ಹಾಕಿ, ಮಡಿಕೆ ಮುರಿಯದ ಒಂದು ಸೀರೆಯನ್ನು ಎಳೆದು ಗಂಡನ ಕೈಗೆ ತುರುಕಿದಳು. ಅವನು ಹಾಗೇ ಒತ್ತಿ ಹಿಡಿದ. ಎಂಜಿನ್ನು ಒಮ್ಮೆ ಬಿಕ್ಕಿತು, ಸೀರೆಯನ್ನು ಮೊಳದಷ್ಟು ನುಂಗಿತು, ನಡುಗಿತು, ನಿಂತಿತು. ಹೊಗೆ ಸರಿದಾಗ ಆ ಬಾಯಿಯಿಂದ ಜೋತು ಬಿದ್ದಿದ್ದು ಏನೆಂದು ಕಂಡಿತು. ನವಿಲಿನ ಕೊರಳು.

ಆ ಕ್ಷಣ ನನಗೆ ತಂಪಾಗಿದ್ದು ಕಣ್ಣೋ ಹೊಟ್ಟೆಯೋ ಎಂದು ನೀವು ಕೇಳಬಾರದು.

ತಂಪು ಬಹಳ ಹೊತ್ತು ಉಳಿಯಲಿಲ್ಲ. ಮದುಮಗಳು ಕೊಟ್ರಮ್ಮನ ಗಾಡಿ ಹತ್ತಿದಳು. ನಮ್ಮ ಗಾಡಿಯನ್ನು ಅದರ ಹಿಂದೆ ಹಗ್ಗದಿಂದ ಕಟ್ಟಿದರು. ಹಿರಿಯ ಸೊಸೆಯಾದ ನಾನು ಮಲ್ಲಿಗೆ ಸುತ್ತಿದ ಸತ್ತ ಗಾಡಿಯಲ್ಲಿ ಎಳೆಸಿಕೊಂಡು ಊರು ಸೇರಿದೆ. ಬಾಗಿಲಲ್ಲಿ ಮದುಮಗಳನ್ನು ಇಳಿಸಿಕೊಂಡ ಕೈಯೂ ಕೊಟ್ರಮ್ಮನದೇ. ಕಥೆ ನಮಗಿಂತ ಮೊದಲೇ ಬಸ್ಸಿನಲ್ಲಿ ಬಂದು ಮುಟ್ಟಿತ್ತು. ಅತ್ತೆ ಎಲ್ಲರ ಮುಂದೆ ಅವಳ ಗಲ್ಲ ಸವರಿ, “ತನ್ನ ರೇಷ್ಮಿ ಸೀರಿ ಕೊಟ್ಟು ಅಕ್ಕನ ಗಾಡಿ ಉಳಿಸ್ಯಾಳ. ಸೊಸಿ ಅಂದ್ರ ಹಿಂಗಿರ್ಬೇಕು” ಅಂದರು. ಎಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ. ಓಣಿಯ ಮುತ್ತೈದೆಯರೆಲ್ಲ ಸಟ್ಟುಗ ಹಿಡಿದವರೇ ತಾನೇ.

ನಾಚಿಕೆಯಾಗಿ ನನ್ನ ಗಿಳಿಹಸಿರನ್ನು ಅವಳ ಮುಂದೆ ಇಟ್ಟೆ. “ಬ್ಯಾಡಕ್ಕಾ, ನೀನೇ ಉಟ್ಕ. ನಿಂಗೇ ಒಪ್ತೈತಿ” ಅಂದಳು. ಅಲ್ಲಿಗೆ ಮುಗಿಯಿತು. ಸೀರೆಯ ಮೇಲಿನ ಹೊಟ್ಟೆಕಿಚ್ಚಿಗೆ ಮದ್ದಿದೆ, ಇನ್ನೊಂದು ಸೀರೆ. ಒಳ್ಳೆಯತನದ ಮೇಲಿನ ಹೊಟ್ಟೆಕಿಚ್ಚಿಗೆ ಯಾವ ಅಂಗಡಿಯಲ್ಲಿ ಮದ್ದು ಕೊಳ್ಳುವುದು? ಆ ಹಸಿರು ಸೀರೆ ಉಟ್ಟಾಗಲೆಲ್ಲ, ಕೇಳಿದವರಿಗೆ ಕೇಳದವರಿಗೆ, ಯಾರಾದರೊಬ್ಬರು ಕೊಟ್ರಮ್ಮನ ಸೀರೆಯ ಕಥೆ ಹೇಳುತ್ತಿದ್ದರು. ನಾನು ಕೊಡವನ್ನು ಇನ್ನೂ ಜೋರಾಗಿ ಕುಕ್ಕುತ್ತಿದ್ದೆ.

ಮದುವೆಯ ಮುಂದಿನ ವಾರ ಮಾಬುಸಾಬ ತನ್ನ ಡಬ್ಬಿ ಮಾಡಿಕೊಟ್ಟ. ಹಾಲಿನಪುಡಿಯ ಖಾಲಿ ಡಬ್ಬಿ, ಒಳಗೆ ಪಾತ್ರೆ ಉಜ್ಜುವ ತಂತಿಯ ಜೊಂಪೆ. ಉಸಿರು ಒಂದು ಕಡೆಯಿಂದ ಒಳಗೆ ಬರುತ್ತದೆ, ತಂತಿಯ ಸಿಕ್ಕಿನಲ್ಲಿ ಅಲೆದಾಡಿ ತಣ್ಣಗಾಗುತ್ತದೆ, ಎಣ್ಣೆ ಹನಿಹನಿಯಾಗಿ ಕೆಳಗೆ ಇಳಿಯುತ್ತದೆ, ಹಗುರಾದ ಗಾಳಿ ಮಾತ್ರ ಮುಂದೆ ಹೋಗುತ್ತದೆ. ಆಗಾಗ ಡಬ್ಬಿ ಬಿಚ್ಚಿ ಕೆಳಗಿನದನ್ನು ಚೆಲ್ಲಬೇಕು, ಅಷ್ಟೇ. ಮೊಮ್ಮಗಳ ಮಿಂಚುವ ಡಬ್ಬಿ ಮಾಡುವುದೂ ಅದನ್ನೇ. ಒಳಗಿನ ಉರಿ ನುಸುಳುವುದನ್ನು ಯಾರೂ ತಪ್ಪಿಸಲಾರರು. ಅದರ ಬಾಯಿ ಮುಚ್ಚಬಾರದು, ಹಾಗೆಂದು ಅದನ್ನೇ ಮರಳಿ ಕುಡಿಯಲೂಬಾರದು. ನಡುವೆ ಒಂದು ಡಬ್ಬಿ ಇರಬೇಕು. ನನಗೆ ಅಂಥ ಡಬ್ಬಿ ಇಷ್ಟು ವರ್ಷ ಇರಲಿಲ್ಲ, ಈಗ ಈ ಫೋನು ಸಿಕ್ಕಿದೆ. ಬೆರಳು ಒತ್ತಿದಂತೆಲ್ಲ ಒಂದೊಂದು ಹನಿ ಇಳಿಯುತ್ತಿದೆ.

ಆದರೆ ಮೊನ್ನೆ ಕಟ್ಟೆಯ ಮೇಲೆ ಕೂತಿದ್ದಾಗ ಕೈಯಲ್ಲಿ ಫೋನು ಇರಲಿಲ್ಲ. ಮೊಮ್ಮಗಳು ಬಾನೆಟ್ ಮುಚ್ಚಿ ಒಳಗೆ ಹೋದಳು. ಎದುರಿಗೆ ಕಾರು, ಪಕ್ಕಕ್ಕೆ ಕೊಟ್ರಮ್ಮ. ನಾನು ಕೇಳಿಯೇಬಿಟ್ಟೆ.

“ಲೇ ಕೊಟ್ರಿ, ಅವತ್ತು ಅಂಥಾ ಚಂದದ ಸೀರಿ ಎಂಜಿನ್ನಿಗೆ ಹೆಂಗ ಕೊಟ್ಟಿ? ನಂಗಾಗಿದ್ರ ಕೈ ಬರ್ತಿದ್ದಿಲ್ಲ ನೋಡು. ಎಷ್ಟು ವರ್ಷ ಹೊಟ್ಟಿ ಉರಕೊಂಡೀನಿ, ಆ ದೊಡ್ಡ ಮನಸ್ಸು ನಂಗ್ಯಾಕ ದೇವ್ರು ಕೊಡ್ಲಿಲ್ಲ ಅಂತ.”

ಕೊಟ್ರಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಯಾವ ದೊಡ್ಡ ಮನಸ್ಸಕ್ಕಾ? ನಾ ಎಳೀಬೇಕಂತ ಕೈ ಹಾಕಿದ್ದು ನಿನ್ನ ಹಸರ ಸೀರಿಗೆ! ಹೊಗ್ಯಾಗ ಕಣ್ಣು ಕಾಣ್ದ ನಂದ ಕೈಗೆ ಬಂತು. ಊರ ಮಂದಿ ಹೊಗಳಾಕತ್ತಿದ್ರು, ಬ್ಯಾಡ ಅನ್ನಾಕ ನಾನೇನು ಹುಚ್ಚೀನಾ? ನೀ ಆ ಸೀರಿ ಉಟ್ಕೊಂಡು ನನ್ನ ಮುಂದ ಓಡಾಡ್ತಿದ್ದೆಲ್ಲ, ನನ್ನ ಹೊಟ್ಟಿ ಎಷ್ಟು ಉರದೈತಿ ಅಂತ ನಿಂಗೇನು ಗೊತ್ತು!”